ಹೊಲದ ಧಾನ್ಯ ಮನೆಯ ತಟ್ಟೆಗೆ



ಪತಿಪತ್ನಿಯರು ಜೊತೆಯಾಗಿ ಬಂದು ಕುಳಿತಿರುವುದು ನನಗೆ ಸಂತೋಷದ ಸಂಗತಿ. ಆಹಾರದ ವಿಚಾರವೆಂದೊಡನೆ ಗಂಡಸರು ಎದ್ದು ಹೊರಗೆ ಹೋಗುವುದನ್ನು ಅನೇಕ ಸಭೆಗಳಲ್ಲಿ ಕಂಡಿದ್ದೇನೆ. ಇಂದಿನ ಮಾತು ಅಡಿಗೆಮನೆಗೆ ಸೇರಿದಷ್ಟೇ ಹೊಲಕ್ಕೂ ಸೇರಿದ್ದು, ದಯವಿಟ್ಟು ಕುಳಿತಿರಬೇಕು.

ಕೆಲವು ವರ್ಷಗಳ ಹಿಂದೆ, ಆರು ತಿಂಗಳು ತುಂಬಿದ ಗರ್ಭಿಣಿಯೊಬ್ಬಳು ಪತಿಯೊಡನೆ ನಮ್ಮ ಆರೋಗ್ಯ ಕೇಂದ್ರಕ್ಕೆ ಬಂದಳು. ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು. ಕಣ್ಣಿನ ಒಳರೆಪ್ಪೆ ಬಿಳಿಚಿಕೊಂಡಿತ್ತು. ಹಿಮೋಗ್ಲೋಬಿನ್ 7 ಗ್ರಾಂ ಮಾತ್ರ. ಗರ್ಭಿಣಿಯಲ್ಲಿ ಅದು 11 ಗ್ರಾಂಗಿಂತ ಕಡಿಮೆಯಾದರೆ ರಕ್ತಹೀನತೆಯೆನ್ನುತ್ತೇವೆ. ಇಷ್ಟು ಕೆಳಗಿಳಿದಾಗ ಹೆರಿಗೆಯ ಕಾಲದ ಸಾಧಾರಣ ರಕ್ತಸ್ರಾವವೂ ಪ್ರಾಣಕ್ಕೆ ಎರವಾಗಬಲ್ಲುದು. ಚಿಕಿತ್ಸೆಯನ್ನು ಅಂದೇ ಪ್ರಾರಂಭಿಸಿದೆವು. ಊಟ ವಿಚಾರಿಸಿದರೆ ಬಿಳಿ ಅನ್ನ, ತಿಳಿಸಾರು, ಮೇಲೆ ಚಹ. ಅದೂ ಎಲ್ಲರ ಊಟ ಮುಗಿದ ಮೇಲೆ. ನಾಲ್ಕು ಎಕರೆ ಹೊಲವಿತ್ತು, ನಾಲ್ಕೂ ಹತ್ತಿಗೆ. ಒಂದಿಷ್ಟು ನವಣೆಯನ್ನೋ ಸಾವೆಯನ್ನೋ ಏಕೆ ಬಿತ್ತಬಾರದೆಂದು ಗದರಿಸಿಯೇ ಕೇಳಿದೆ. ಪತಿ ಸುಮ್ಮನಿದ್ದನು. ಆಕೆಯೇ, "ಬಿತ್ತಬಹುದ್ರೀ ಸರ, ಕುಟ್ಟೋರು ಯಾರ್ರೀ?" ಎಂದಳು.

ನನ್ನಲ್ಲಿ ಉತ್ತರವಿರಲಿಲ್ಲ. ನಾನು ಓದಿದ ಪುಸ್ತಕಗಳಲ್ಲಿ ಪೋಷಕಾಂಶಗಳ ಪಟ್ಟಿಯಿತ್ತು, ಒನಕೆಯ ಭಾರದ ಲೆಕ್ಕವಿರಲಿಲ್ಲ. ಜೋಳ, ರಾಗಿಗಳನ್ನು ನೇರವಾಗಿ ಗಿರಣಿಗೆ ಒಯ್ದು ಹಿಟ್ಟು ಮಾಡಿಸಬಹುದು. ನವಣೆ, ಸಾವೆಗಳ ಕಾಳಿಗಾದರೋ ಗಟ್ಟಿಯಾದ ಹೊಟ್ಟು ಅಂಟಿಕೊಂಡಿರುತ್ತದೆ. ಅದನ್ನು ಒರಳಿನಲ್ಲಿ ಕುಟ್ಟಿ, ಮೊರದಲ್ಲಿ ಕೇರಿ, ಮತ್ತೆ ಕುಟ್ಟಬೇಕು. ದಿನವಿಡೀ ಹೊಲದಲ್ಲಿ ದುಡಿದ ಹೆಣ್ಣುಮಗಳು ಈ ಶ್ರಮವನ್ನು ಕೈಬಿಟ್ಟುದರಲ್ಲಿ ಆಕೆಯ ತಪ್ಪೇನೂ ಇಲ್ಲ.

ಈ ತೊಡಕನ್ನು ಬಿಡಿಸಲು ಹೊರಟವರು ನಮ್ಮ ಧಾರವಾಡ ಜಿಲ್ಲೆಯಲ್ಲಿಯೇ ಇದ್ದಾರೆ. ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದ ಮಹಿಳೆಯರು 2018ರಲ್ಲಿ ಬೀಬಿ ಫಾತಿಮಾ ಸ್ವಸಹಾಯ ಸಂಘವನ್ನು ಕಟ್ಟಿಕೊಂಡರು. ನವಣೆ, ಸಾವೆ ಮೊದಲಾದ ಸಿರಿಧಾನ್ಯಗಳ ಬೀಜವನ್ನು ಕೂಡಿಟ್ಟು, ಬೀಜ ಬ್ಯಾಂಕಿನ ಮೂಲಕ ಸುತ್ತಲಿನ ರೈತರಿಗೆ ಒದಗಿಸಿದರು. ಬೆಳೆದ ಕಾಳಿನ ಹೊಟ್ಟು ತೆಗೆಯುವ, ಸೌರಶಕ್ತಿಯಿಂದ ನಡೆಯುವ ಘಟಕವನ್ನೂ ಸ್ಥಾಪಿಸಿದರು. ಸಂಯುಕ್ತ ರಾಷ್ಟ್ರಸಂಘದ ಅಭಿವೃದ್ಧಿ ಕಾರ್ಯಕ್ರಮವು 2025ರಲ್ಲಿ ಇವರಿಗೆ ಈಕ್ವೇಟರ್ ಪ್ರಶಸ್ತಿಯನ್ನು ನೀಡಿತು. ಪ್ರಶಸ್ತಿ ದೊಡ್ಡದೇ, ವೈದ್ಯನಾದ ನನಗೆ ಆ ಹೊಟ್ಟು ತೆಗೆಯುವ ಯಂತ್ರವೇ ಇನ್ನೂ ದೊಡ್ಡದಾಗಿ ಕಾಣುತ್ತದೆ.

ಯಂತ್ರದವರಿಗೆ ಒಂದು ಮಾತು ಹೇಳಿರಿ: ಹೊಟ್ಟು ಹೋದರೆ ಸಾಕು, ಕಾಳನ್ನು ಬೆಳ್ಳಗೆ ಹೊಳೆಯುವಂತೆ ಪಾಲಿಶ್ ಮಾಡುವುದು ಬೇಡ. ತವಡಿನೊಡನೆ ನಾರೂ ಸತ್ವವೂ ಹೋಗಿಬಿಡುತ್ತವೆ. ಸಿರಿಧಾನ್ಯವೊಂದರಿಂದಲೇ ರಕ್ತಹೀನತೆ ವಾಸಿಯಾಗುತ್ತದೆಂದು ಮಾತ್ರ ಯಾರೂ ಭಾವಿಸಬಾರದು. ಗರ್ಭಿಣಿಯು ಕಬ್ಬಿಣಾಂಶದ ಮಾತ್ರೆಯನ್ನು ನುಂಗಲೇಬೇಕು. ಊಟದಲ್ಲಿ ಕಾಳು, ಬೇಳೆ, ಸೊಪ್ಪು ಇರಲಿ. ರೂಢಿಯಿದ್ದವರು ಮೊಟ್ಟೆ, ಮಾಂಸ ತಿನ್ನಲಿ. ಪಲ್ಯಕ್ಕೆ ನಿಂಬೆಹಣ್ಣು ಹಿಂಡಿದರೆ ಕಬ್ಬಿಣಾಂಶ ದೇಹಕ್ಕೆ ಚೆನ್ನಾಗಿ ಸೇರುತ್ತದೆ. ಊಟದೊಡನೆ ಚಹ ಕುಡಿದರೆ ಅದಕ್ಕೆ ಅಡ್ಡಿಯಾಗುತ್ತದೆ.

ಗಂಡಸರಲ್ಲಿ ನನ್ನ ವಿನಂತಿ ಇಷ್ಟು. ಹತ್ತಿಯನ್ನು ಬಿಡಿರೆಂದು ಹೇಳಲಾರೆ. ಸಾಲ ತೀರಿಸುವುದು ಅದೇ ಎಂಬುದನ್ನು ಬಲ್ಲೆ. ಅರ್ಧ ಎಕರೆ ಮನೆಯ ಊಟಕ್ಕೆಂದು ಇರಲಿ, ಅಕ್ಕಡಿ ಸಾಲುಗಳಲ್ಲಿ ತೊಗರಿ, ಅಲಸಂದೆ ಇರಲಿ. ಏನನ್ನು ಬಿತ್ತಬೇಕೆಂಬುದನ್ನು ಹೆಂಡತಿಯೊಡನೆ ಕುಳಿತು ನಿಶ್ಚಯಿಸಿರಿ. ಬಸುರಿ, ಬಾಣಂತಿಯರು ಎಲ್ಲರಿಗಿಂತ ಕೊನೆಗೆ ಉಣ್ಣುವ ಪದ್ಧತಿಯನ್ನು ಈ ರಾತ್ರಿಯಿಂದಲೇ ನಿಲ್ಲಿಸಿರಿ.

ಆ ಗರ್ಭಿಣಿಗೆ ಚಿಕಿತ್ಸೆಯಿಂದ ಗುಣವಾಗಿ, ಸುಖವಾಗಿ ಹೆರಿಗೆಯಾಯಿತು. ಮರುವರ್ಷ ಮಗುವಿಗೆ ಲಸಿಕೆ ಹಾಕಿಸಲು ಬಂದಾಗ, ಪತಿ ಚೀಲದಲ್ಲಿ ಒಂದು ಸೇರು ನವಣಕ್ಕಿ ತಂದಿದ್ದನು. ಅದನ್ನು ಮನೆಗೇ ಒಯ್ಯಬೇಕೆಂದು ಹೇಳಿ ಕಳುಹಿಸಿದೆ.

ಪ್ರತಿ ತಿಂಗಳ 9ನೆಯ ತಾರೀಖು ಗರ್ಭಿಣಿಯರ ತಪಾಸಣೆಯಿದೆ. ಇಬ್ಬರೂ ಬನ್ನಿರಿ.