ಗುರುವಿಗೆ ‘ಆಗದು’ ಎನ್ನುವುದು ಹೇಗೆ?

(ತಾಲ್ಲೂಕು ಯುವಜನರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣದ ಸಾರ)



ನಿಮ್ಮಲ್ಲೊಬ್ಬರು ಚೀಟಿ ಬರೆದು ಕೇಳಿದ್ದಾರೆ. ಅವರ ಡಾಕ್ಟರೇಟ್ ಮುಗಿದಿದೆ. ಹಿಂದಿನ ಗೈಡು, ಪ್ರಬಂಧದ ಒಂದು ಅಧ್ಯಾಯವನ್ನು ಇಬ್ಬರ ಹೆಸರಿನಲ್ಲೂ ಅಚ್ಚು ಹಾಕಿಸೋಣ ಎನ್ನುತ್ತಾರಂತೆ. ಹಣ ಕಟ್ಟಿದರೆ ವಾರದೊಳಗೆ ಏನನ್ನಾದರೂ ಅಚ್ಚು ಹಾಕುವ ಪತ್ರಿಕೆ ಅದು. ಇವರಿಗೋ ಕೆಲಸಕ್ಕೆ ಗೈಡಿನ ಶಿಫಾರಸು ಬೇಕು. ನಾನು ಮೆಟ್ರಿಕ್ ಓದಿದವನು, ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವನಲ್ಲ. ಆದರೆ ಅನ್ನ ಕೊಡುವ ಕೈಗೆ ‘ಆಗದು’ ಎನ್ನುವ ಕಷ್ಟ ಗೇಣಿದಾರನಿಗೂ ಗೊತ್ತು, ಗುಮಾಸ್ತನಿಗೂ ಗೊತ್ತು.

ಮೊದಲು ಈ ವ್ಯಾಪಾರವನ್ನು ಅರಿಯೋಣ. ಹಣ ಪಡೆಯುವ ಪತ್ರಿಕೆಯೆಲ್ಲ ಕೆಟ್ಟದ್ದಲ್ಲ. ಓದುಗರಿಗೆ ಉಚಿತವಾಗಿ ಸಿಗಲೆಂದು ಲೇಖಕರಿಂದ ಶುಲ್ಕ ಪಡೆದು, ತಜ್ಞರಿಂದ ಸರಿಯಾಗಿ ಪರಿಶೀಲಿಸುವ ಪತ್ರಿಕೆಗಳೂ ಇವೆ. ಶುಲ್ಕ ಪಡೆದು ಪರಿಶೀಲನೆಯನ್ನೇ ನುಂಗುವುದು ಮೋಸ. 2013ರಲ್ಲಿ ‘ಸೈನ್ಸ್’ ಪತ್ರಿಕೆಯ ಪರವಾಗಿ ಜಾನ್ ಬೊಹಾನನ್ ಎಂಬವರು ಬೇಕೆಂದೇ ತಪ್ಪು ತುಂಬಿದ ಸುಳ್ಳು ಲೇಖನವನ್ನು 304 ಪತ್ರಿಕೆಗಳಿಗೆ ಕಳಿಸಿದರು. 157 ಪತ್ರಿಕೆಗಳು ಒಪ್ಪಿಕೊಂಡುವು! ನಮ್ಮ ನೆರೆಯ ಹೈದರಾಬಾದಿನ ಒಮಿಕ್ಸ್ ಸಂಸ್ಥೆಯ ಮೇಲೆ ಅಮೆರಿಕದ ಸರ್ಕಾರಿ ವ್ಯಾಪಾರ ಆಯೋಗ 2016ರಲ್ಲಿ ದಾವೆ ಹೂಡಿತು. 2019ರಲ್ಲಿ ಅಲ್ಲಿನ ನ್ಯಾಯಾಲಯ 5 ಕೋಟಿ ಡಾಲರಿಗೂ ಮೀರಿದ ಮೊತ್ತ ತೆರಬೇಕೆಂದು ತೀರ್ಪಿತ್ತಿತು.

ಈ ಕಳೆ ಬೆಳೆದದ್ದೇಕೆ? 2010ರ ನಿಯಮಗಳಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗ ಅಧ್ಯಾಪಕರ ಬಡ್ತಿಯನ್ನು ಲೇಖನಗಳ ಅಂಕಕ್ಕೆ ಗಂಟುಹಾಕಿತು. ಎಣಿಕೆಗೆ ಬೆಲೆ ಬಂದೊಡನೆ ಎಣಿಕೆ ಮಾರುವವರೂ ಹುಟ್ಟಿಕೊಂಡರು. 2018ರಲ್ಲಿ ಆಯೋಗ ತನ್ನದೇ ಪಟ್ಟಿಯಿಂದ 4,305 ಪತ್ರಿಕೆಗಳನ್ನು ಕಿತ್ತುಹಾಕಿತು. 2019ರಲ್ಲಿ ತಂದ ‘ಕೇರ್’ ಪಟ್ಟಿಯನ್ನೂ 2025ರಲ್ಲಿ ಕೈಬಿಟ್ಟಿತು. ಆದ್ದರಿಂದ, ಪಟ್ಟಿ ಕಾಯುತ್ತದೆ ಎಂದು ಕುಳಿತರೆ ಆಗದು, ನಾವೇ ನೋಡಬೇಕು. ಸಂಪಾದಕ ಮಂಡಳಿಯವರು ನಿಜವಾಗಿ ಒಪ್ಪಿ ಹೆಸರು ಕೊಟ್ಟಿದ್ದಾರೆಯೆ? ಶುಲ್ಕ ಮೊದಲೇ ಹೇಳುತ್ತಾರೆಯೆ? ಹಳೆಯ ಸಂಚಿಕೆಗಳ ಲೇಖನಗಳಲ್ಲಿ ಹುರುಳಿದೆಯೆ?

ಇನ್ನು ಗೈಡಿನ ಮಾತು. ಅವರನ್ನು ಕಳ್ಳನೆನ್ನಬೇಡಿ. ಅವರ ತಲೆಯ ಮೇಲೂ ಬಡ್ತಿಯ ಕತ್ತಿ ತೂಗುತ್ತಿರಬಹುದು, ತಿಳಿಯದೆಯೂ ಬಿದ್ದಿರಬಹುದು. ನೀವು ಕಂಡದ್ದನ್ನು ವಿನಯದಿಂದ ಮುಂದಿಡಿ. ಜೊತೆಗೇ ಒಳ್ಳೆಯ ಎರಡು ಮೂರು ಪತ್ರಿಕೆಗಳ ಹೆಸರು ಹೇಳಿ, “ಕರಡು ತಿದ್ದುವ ಕೆಲಸ ನನ್ನದು, ಸಾರ್” ಎನ್ನಿ. ಬರಿಯ ‘ಆಗದು’ ಜಗಳ ತರುತ್ತದೆ. ಬೇರೆ ದಾರಿ ತೋರಿದ ‘ಆಗದು’ ಮಾತುಕತೆಗೆ ಎಡೆ ಕೊಡುತ್ತದೆ.

ಅವರು ಕೇಳದಿದ್ದರೆ? ಲೇಖಕರೆಲ್ಲರ ಒಪ್ಪಿಗೆಯಿಲ್ಲದೆ ಲೇಖನ ಕಳಿಸಕೂಡದೆಂಬುದು ಸಂಶೋಧನೆಯ ಲೋಕ ಒಪ್ಪಿರುವ ಧರ್ಮ. “ಈ ಪತ್ರಿಕೆಗೆ ನನ್ನ ಒಪ್ಪಿಗೆ ಇಲ್ಲ” ಎಂದು ಎರಡು ಸಾಲು ಬರೆದು ಕೊಡಿ, ನಕಲು ಇಟ್ಟುಕೊಳ್ಳಿ. ಆಗಲೇ ಕಳಿಸಿದ್ದರೆ, ಹಿಂತೆಗೆದುಕೊಳ್ಳುವುದಾಗಿ ಸಂಪಾದಕರಿಗೆ ಬರೆಯಿರಿ. ಹಿಂತೆಗೆಯಲೂ ಹಣ ಕೇಳುವ ಪತ್ರಿಕೆಗಳುಂಟು, ಕೊಡಬೇಡಿ. ತಡ ಮಾಡಬೇಡಿ: ಒಮ್ಮೆ ಅಲ್ಲಿ ಅಚ್ಚಾದರೆ ಅದೇ ಲೇಖನವನ್ನು ಒಳ್ಳೆಯ ಪತ್ರಿಕೆ ಮುಟ್ಟುವುದಿಲ್ಲ. ಹಲವು ವರ್ಷದ ದುಡಿಮೆ ಹಳ್ಳಕ್ಕೆ ಬಿದ್ದಂತೆ. ಶಿಫಾರಸಿಗೆ ನಿಮ್ಮ ಕೆಲಸ ಬಲ್ಲ ಇನ್ನಿಬ್ಬರು ಹಿರಿಯರನ್ನು ಈಗಲೇ ಕಂಡಿರಿ. ಒಂದೇ ಬಾವಿಯ ನೀರು ನಂಬಿದವನಿಗೆ ಬಾವಿಯೊಡೆಯ ಹೇಳಿದ್ದೇ ಕಾನೂನು.

ಕೊನೆಯ ಮಾತು. ನಮ್ಮ ಹಳ್ಳಿಗಳಿಂದ ಮೊದಲ ಸಲ ಸಂಶೋಧನೆಗೆ ಹೋದ ಹುಡುಗ ಹುಡುಗಿಯರ ಶಿಷ್ಯವೇತನ ಈ ಅಂಗಡಿಗಳ ಗಲ್ಲಕ್ಕೆ ಬೀಳುತ್ತಿದೆ. ಅದು ಜನರ ತೆರಿಗೆಯ ಹಣ. ಒಬ್ಬೊಬ್ಬರೇ ಗೈಡಿನೆದುರು ನಿಲ್ಲುವುದು ಕಷ್ಟ. ಸಂಶೋಧಕರೆಲ್ಲ ಕೂಡಿ, ಲೇಖನಗಳನ್ನು ಎಣಿಸಬೇಡಿ, ಓದಿ ಅಳೆಯಿರಿ ಎಂದು ವಿಶ್ವವಿದ್ಯಾಲಯಗಳನ್ನು ಒತ್ತಾಯಿಸಬೇಕು. ಗುರುವಿಗೆ ಗೌರವ ಕೊಡೋಣ. ನಮ್ಮ ಹೆಸರನ್ನು ಮಾತ್ರ ಅಡವಿಡದಿರೋಣ.