ಹನ್ನೊಂದನೆಯ ತರಗತಿ ವಿಶ್ರಾಂತಿಯ ವರ್ಷವಲ್ಲ

(ಅಂಧೇರಿಯ ಶಾಖಾಮಠದಲ್ಲಿ ಜೂನಿಯರ್ ಕಾಲೇಜಿನ ವಿದ್ಯಾರ್ಥಿಗಳು ಹಾಗೂ ಪಾಲಕರಿಗಾಗಿ ಏರ್ಪಡಿಸಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

 

ಮಠದಲ್ಲಿ ಕಾಲೇಜು ಪ್ರವೇಶದ ವಿಚಾರವನ್ನು ಮಾತನಾಡುವುದು ಎಷ್ಟು ಸಮಂಜಸ ಎಂದು ಕೆಲವರಿಗೆ ಅನಿಸಬಹುದು. ಆದರೆ ವಿದ್ಯಾದಾನವು ನಮ್ಮ ಮಠಗಳಿಗೆ ಹೊಸತಲ್ಲ. ಪೇಜಾವರ ಮಠದ ಶ್ರೀ ವಿಶ್ವೇಶತೀರ್ಥ ಶ್ರೀಪಾದರು 1956ರಲ್ಲಿ ಬೆಂಗಳೂರಿನಲ್ಲಿ ಪೂರ್ಣಪ್ರಜ್ಞ ವಿದ್ಯಾಪೀಠವನ್ನು ಆರಂಭಿಸಿ ಶಾಸ್ತ್ರಾಧ್ಯಯನಕ್ಕೆ ನೆಲೆ ಕಲ್ಪಿಸಿದರು. ಅದಮಾರು ಮಠದ ಶ್ರೀ ವಿಬುಧೇಶತೀರ್ಥ ಶ್ರೀಪಾದರು 1960ರಲ್ಲಿ ಉಡುಪಿಯಲ್ಲಿ ಪೂರ್ಣಪ್ರಜ್ಞ ಕಾಲೇಜನ್ನು ಸ್ಥಾಪಿಸಿ ಲೌಕಿಕ ವಿದ್ಯೆಗೂ ಅಷ್ಟೇ ಗೌರವ ತೋರಿದರು. ಇನ್ನು ಮುಂಬಯಿಯ ಕಥೆ ನಿಮಗೆಲ್ಲ ತಿಳಿದದ್ದೇ. ಕರಾವಳಿಯಿಂದ ಬಂದ ಹುಡುಗರು ಹಗಲೆಲ್ಲ ಹೋಟೆಲುಗಳಲ್ಲಿ ದುಡಿದು, ಸಂಜೆ ಕನ್ನಡ ರಾತ್ರಿಶಾಲೆಗಳಲ್ಲಿ ಮೆಟ್ರಿಕ್ ಮುಗಿಸಿದರು. 1902ರಲ್ಲಿ ಸ್ಥಾಪನೆಯಾದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ಆ ರಾತ್ರಿಶಾಲೆಗಳ ದೀಪವನ್ನು ಆರದಂತೆ ಕಾಪಾಡಿದವು. ಡಾ. ಬಿ. ಆರ್. ಅಂಬೇಡ್ಕರರು 1946ರಲ್ಲಿ ಆರಂಭಿಸಿದ ಸಿದ್ಧಾರ್ಥ ಕಾಲೇಜು ಬೆಳಗಿನ ತರಗತಿಗಳ ಮೂಲಕ ದುಡಿಯುವ ಹುಡುಗರಿಗೆ ಪದವಿಯ ಬಾಗಿಲನ್ನು ತೆರೆಯಿತು. ಆ ತಲೆಮಾರಿನವರಿಗೆ ದಾರಿ ಒಂದೇ ಇತ್ತು, ಅದು ಕಷ್ಟದ್ದಾಗಿತ್ತು. ಇಂದಿನ ಮಕ್ಕಳಿಗೆ ದಾರಿಗಳು ಹತ್ತಾರು. ಆದ್ದರಿಂದಲೇ ಗೊಂದಲವೂ ಹೆಚ್ಚು.

ಈ ವರ್ಷಕ್ಕೇಕೆ ಮಹತ್ವ?

ಹತ್ತನೆಯ ತರಗತಿಯ ಪರೀಕ್ಷೆ ಮುಗಿದೊಡನೆ "ಈ ವರ್ಷ ಸ್ವಲ್ಪ ಆರಾಮವಾಗಿರಲಿ, ಹನ್ನೆರಡಕ್ಕೆ ಹೇಗೂ ಕಷ್ಟಪಡಬೇಕು" ಎನ್ನುವ ಮಾತು ಬಹುತೇಕ ಮನೆಗಳಲ್ಲಿ ಕೇಳಿಬರುತ್ತದೆ. ಇದು ಪ್ರೀತಿಯಿಂದ ಹೇಳುವ ಮಾತಾದರೂ ಮಗುವಿಗೆ ನಷ್ಟವುಂಟುಮಾಡುವ ಮಾತು. ಮಹಾರಾಷ್ಟ್ರದ ಎಂಎಚ್‌ಟಿ-ಸಿಇಟಿ ಪರೀಕ್ಷೆಯಲ್ಲಿ ಶೇಕಡಾ 20ರಷ್ಟು ಭಾಗ ಹನ್ನೊಂದನೆಯ ತರಗತಿಯ ಪಠ್ಯದಿಂದ, ಶೇಕಡಾ 80ರಷ್ಟು ಭಾಗ ಹನ್ನೆರಡನೆಯದರಿಂದ ಬರುತ್ತದೆ. ಜೆಇಇ ಮತ್ತು ನೀಟ್ ಪರೀಕ್ಷೆಗಳಿಗಾದರೋ ಎರಡೂ ವರ್ಷಗಳ ಪಾಠ ಬೇಕೇ ಬೇಕು. ಭೌತಶಾಸ್ತ್ರದ ಚಲನಶಾಸ್ತ್ರ, ರಸಾಯನಶಾಸ್ತ್ರದ ಮೋಲ್ ಲೆಕ್ಕ, ಗಣಿತದ ತ್ರಿಕೋನಮಿತಿ ಇವೆಲ್ಲ ಹನ್ನೊಂದರಲ್ಲಿಯೇ ಬರುತ್ತವೆ. ಅಡಿಪಾಯವಿಲ್ಲದೆ ಮೇಲಿನ ಮಹಡಿ ನಿಲ್ಲದು.

ಇನ್ನೊಂದು ಉದಾಹರಣೆಯನ್ನು ಮರೆಯಬಾರದು. 2021ರಲ್ಲಿ ಕೊರೋನಾ ಕಾರಣದಿಂದ ಹನ್ನೆರಡನೆಯ ತರಗತಿಯ ಬೋರ್ಡ್ ಪರೀಕ್ಷೆ ರದ್ದಾದಾಗ, ಮಹಾರಾಷ್ಟ್ರದ ಮಂಡಳಿಯು ಹತ್ತನೆಯ ತರಗತಿಗೆ ಶೇಕಡಾ 30, ಹನ್ನೊಂದಕ್ಕೆ 30, ಹನ್ನೆರಡರ ಆಂತರಿಕ ಮೌಲ್ಯಮಾಪನಕ್ಕೆ 40 ಎಂಬ ಸೂತ್ರದಿಂದ ಫಲಿತಾಂಶವನ್ನು ಸಿದ್ಧಪಡಿಸಿತು. ಹನ್ನೊಂದನ್ನು ಹಗುರವಾಗಿ ಕಂಡಿದ್ದ ಮಕ್ಕಳು ಅಂದು ಪರಿತಪಿಸಿದರು. ವಿದೇಶದ ವಿಶ್ವವಿದ್ಯಾಲಯಗಳನ್ನು ಬಯಸುವವರೂ ಗಮನಿಸಬೇಕು: ಅಮೆರಿಕದ ಕಾಲೇಜುಗಳು ಒಂಬತ್ತರಿಂದ ಹನ್ನೆರಡರವರೆಗಿನ ನಾಲ್ಕೂ ವರ್ಷಗಳ ಅಂಕಪಟ್ಟಿಯನ್ನು ಕೇಳುತ್ತವೆ, ಅರ್ಜಿ ಹಾಕುವ ವೇಳೆಗೆ ಅವರ ಕೈಗೆ ಸಿಗುವ ಕೊನೆಯ ಪೂರ್ಣ ವರ್ಷದ ಫಲಿತಾಂಶ ಹನ್ನೊಂದನೆಯದೇ.

ಸ್ವಭಾವವನ್ನು ಅರಿತು ಆಯ್ಕೆ

ಯಾವ ಕೋರ್ಸು ಒಳ್ಳೆಯದು ಎಂದು ಪಾಲಕರು ಕೇಳುತ್ತಾರೆ. ಯಾರಿಗೆ ಎಂದು ಮೊದಲು ಕೇಳಬೇಕು. ಪ್ರತಿಯೊಂದು ಜೀವಕ್ಕೂ ತನ್ನದೇ ಆದ ಸ್ವಭಾವವಿದೆ, ಒಬ್ಬನಂತೆ ಇನ್ನೊಬ್ಬನಿಲ್ಲ ಎನ್ನುವುದು ನಮ್ಮ ಸಿದ್ಧಾಂತದ ತಿರುಳು. ಪ್ರವಚನದಲ್ಲಿ ಇದನ್ನು ಕೇಳಿ ತಲೆದೂಗುವ ನಾವು ಮನೆಗೆ ಹೋದೊಡನೆ ಪಕ್ಕದ ಮನೆಯ ಹುಡುಗನ ಅಂಕಗಳೊಡನೆ ನಮ್ಮ ಮಗಳ ಅಂಕಗಳನ್ನು ತೂಗಿನೋಡುತ್ತೇವೆ. ತಾರತಮ್ಯವೆಂದರೆ ಅಂಕಗಳ ಪಟ್ಟಿಯಲ್ಲ. ಲೆಕ್ಕಪತ್ರದಲ್ಲಿ ಒಲವಿರುವ ಮಗುವನ್ನು ಬಲವಂತದಿಂದ ವಿಜ್ಞಾನ ಶಾಖೆಗೆ ಸೇರಿಸಿದರೆ ಎರಡು ವರ್ಷಗಳೂ ಹೋದವು, ಆತ್ಮವಿಶ್ವಾಸವೂ ಹೋಯಿತು.

ವಾಣಿಜ್ಯ ಶಾಖೆಯವರಿಗೆ ಅವಕಾಶಗಳು ಕಡಿಮೆಯೆಂಬ ಭಾವನೆ ಬೇಡ. ಸಿಎ ಫೌಂಡೇಶನ್‌ಗೆ ಹತ್ತನೆಯ ತರಗತಿಯ ನಂತರವೇ ಹೆಸರು ನೋಂದಾಯಿಸಿ, ಹನ್ನೆರಡರ ಬಳಿಕ ಪರೀಕ್ಷೆಗೆ ಕುಳಿತುಕೊಳ್ಳಬಹುದು. ಬಿಎಂಎಸ್, ಬಿಬಿಎ, ಬಿಸಿಎ ಕೋರ್ಸುಗಳು 2024-25ರಿಂದ ಎಐಸಿಟಿಇ ವ್ಯಾಪ್ತಿಗೆ ಬಂದುದರಿಂದ, 2024ರಲ್ಲಿ ಮಹಾರಾಷ್ಟ್ರ ಸರಕಾರ ಅವುಗಳಿಗೂ ಪ್ರತ್ಯೇಕ ಸಿಇಟಿಯನ್ನು ಆರಂಭಿಸಿತು. ಹನ್ನೆರಡರ ಅಂಕಗಳಿದ್ದರೆ ಸಾಕು ಎಂದುಕೊಂಡಿದ್ದ ಅನೇಕ ಕುಟುಂಬಗಳಿಗೆ ಇದು ಆ ವರ್ಷ ತಿಳಿದೇ ಇರಲಿಲ್ಲ. ಕಾನೂನು ಓದಬಯಸುವವರು ಐದು ವರ್ಷದ ಕೋರ್ಸಿಗೆ ರಾಜ್ಯದ ಸಿಇಟಿಯನ್ನೂ, ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿಗೆ ಕ್ಲಾಟ್ ಪರೀಕ್ಷೆಯನ್ನೂ ಬರೆಯಬೇಕು. ಕ್ಲಾಟ್ ಈಗ ಡಿಸೆಂಬರಿನಲ್ಲಿ, ಅಂದರೆ ಬೋರ್ಡ್ ಪರೀಕ್ಷೆಗೂ ಮೊದಲೇ ನಡೆಯುತ್ತದೆ. ದೆಹಲಿ, ಬನಾರಸ್ ಮೊದಲಾದ ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ 2022ರಿಂದ ಸಿಯುಇಟಿ ಬಂದಿದೆ. ರಾಷ್ಟ್ರೀಯ ಶಿಕ್ಷಣ ನೀತಿ 2020ರ ಅನ್ವಯ ಮೂರು ವರ್ಷಕ್ಕೆ ಪದವಿ, ನಾಲ್ಕು ವರ್ಷಕ್ಕೆ ಆನರ್ಸ್ ಪದವಿ ಎಂಬ ವ್ಯವಸ್ಥೆಯೂ ಇದೆ.

ಊರಿಗೆ ಕಳುಹಿಸುವ ಪ್ರಶ್ನೆ

ನಮ್ಮ ಕುಟುಂಬಗಳಲ್ಲಿ ಪದೇ ಪದೇ ಏಳುವ ಪ್ರಶ್ನೆ ಇದು. "ಮಂಗಳೂರು, ಮೂಡುಬಿದಿರೆ ಕಡೆ ಪಿಯುಸಿ ಚೆನ್ನಾಗಿದೆ, ಹಾಸ್ಟೆಲ್ ಇದೆ, ಅಜ್ಜ-ಅಜ್ಜಿ ಹತ್ತಿರದಲ್ಲೇ ಇದ್ದಾರೆ, ಅಲ್ಲಿಗೇ ಕಳುಹಿಸೋಣವೆ?" ಶಿಕ್ಷಣದ ಗುಣಮಟ್ಟದ ದೃಷ್ಟಿಯಿಂದ ಆ ಸಂಸ್ಥೆಗಳು ಮೆಚ್ಚತಕ್ಕವೇ. ಆದರೆ ನಿರ್ಧರಿಸುವ ಮೊದಲು ಪ್ರವೇಶದ ನಿಯಮವನ್ನು ಓದಿರಿ. ಮಹಾರಾಷ್ಟ್ರದಲ್ಲಿ ವೈದ್ಯಕೀಯ ಶಿಕ್ಷಣದ ರಾಜ್ಯ ಕೋಟಾದ ಸೀಟು ಬೇಕಾದರೆ, ಕೆಲವು ವಿಶೇಷ ವರ್ಗಗಳನ್ನು ಬಿಟ್ಟು ಉಳಿದವರು, ಹತ್ತು ಮತ್ತು ಹನ್ನೆರಡು ಎರಡನ್ನೂ ಈ ರಾಜ್ಯದಲ್ಲಿಯೇ ಓದಿ ಉತ್ತೀರ್ಣರಾಗಿರಬೇಕು. ಡೊಮಿಸೈಲ್ ಪ್ರಮಾಣಪತ್ರವೂ ಇರಬೇಕು. ಪಿಯುಸಿಗೆ ಊರಿಗೆ ಹೋದ ಮಗು ಇಲ್ಲಿಯ ಹಕ್ಕನ್ನು ಕಳೆದುಕೊಳ್ಳುತ್ತದೆ. ಅಲ್ಲಿ ಹಕ್ಕು ಸಿಕ್ಕೀತೆ ಎಂದರೆ, ಕರ್ನಾಟಕದ ಸಾಮಾನ್ಯ ನಿಯಮದಂತೆ ಒಂದರಿಂದ ಹನ್ನೆರಡನೆಯ ತರಗತಿಯೊಳಗೆ ಕನಿಷ್ಠ ಏಳು ವರ್ಷ ಆ ರಾಜ್ಯದಲ್ಲಿ ಓದಿರಬೇಕು. ಎರಡು ವರ್ಷದ ಪಿಯುಸಿಯಿಂದ ಅದು ಪೂರೈಸದು. ಹೀಗೆ ಎರಡು ಹೊಸ್ತಿಲುಗಳ ನಡುವೆ ಮಗು ನಿಂತುಬಿಡುತ್ತದೆ.

ಆದರೆ ಕನ್ನಡಿಗರಿಗೆ ಒಂದು ಬಾಗಿಲು ತೆರೆದಿದೆ, ಅದು ಬಹಳ ಜನರಿಗೆ ಗೊತ್ತಿಲ್ಲ. ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಹೊರನಾಡು ಮತ್ತು ಗಡಿನಾಡು ಕನ್ನಡಿಗ ಅಭ್ಯರ್ಥಿಗಳಿಗಾಗಿ, ಸಿಇಟಿಯ ಜೊತೆಗೆ ಪ್ರತ್ಯೇಕ ಕನ್ನಡ ಭಾಷಾ ಪರೀಕ್ಷೆಯನ್ನು ನಡೆಸುತ್ತದೆ. ಪ್ರಾಥಮಿಕ ಶಾಲೆಯ ಮಟ್ಟದ ಕನ್ನಡವನ್ನು ಓದಿ ಬರೆಯಲು ಬಂದರೆ ಸಾಕು. ಮನೆಯಲ್ಲಿ ಕನ್ನಡ, ತುಳು ಮಾತನಾಡಿದರೂ ಅಕ್ಷರ ಬಾರದ ಮಕ್ಕಳು ಇಲ್ಲಿ ಸೋಲುತ್ತಾರೆ. ಆದ್ದರಿಂದ, ಕನ್ನಡ ಕಲಿಸಿ ಏನು ಪ್ರಯೋಜನ ಎಂದು ಕೇಳುವವರಿಗೆ ಇದೊಂದು ನೇರವಾದ ಉತ್ತರ. ಆಯಾ ವರ್ಷದ ಮಾಹಿತಿ ಪುಸ್ತಿಕೆಯಲ್ಲಿ ಅರ್ಹತೆಯ ಷರತ್ತುಗಳನ್ನು ನೋಡಿಕೊಂಡು, ಹನ್ನೊಂದರಲ್ಲಿದ್ದಾಗಲೇ ರಜಾದಿನಗಳಲ್ಲಿ ಅಕ್ಷರಾಭ್ಯಾಸವನ್ನು ಆರಂಭಿಸಬಹುದು. ಮುಂಬಯಿಯಲ್ಲಿಯೂ ಭಾಷಾ ಅಲ್ಪಸಂಖ್ಯಾತ ಸ್ಥಾನಮಾನ ಪಡೆದ ಕನ್ನಡಿಗರ ಕಾಲೇಜುಗಳಲ್ಲಿ ನಮ್ಮ ಮಕ್ಕಳಿಗೆ ಮೀಸಲು ಸ್ಥಾನಗಳಿರುತ್ತವೆ. ಶಾಲೆಯ ಲೀವಿಂಗ್ ಸರ್ಟಿಫಿಕೇಟಿನಲ್ಲಿ ಮಾತೃಭಾಷೆಯ ಕಲಮು ಸರಿಯಾಗಿ ತುಂಬಿದೆಯೇ ಎಂದು ಇಂದೇ ನೋಡಿರಿ.

ಕಾಗದಪತ್ರ ಮತ್ತು ಪಂಚಾಂಗ

ನಮ್ಮವರ ಹೆಸರಿನ ಸಮಸ್ಯೆ ದೊಡ್ಡದು. ಜನನ ಪ್ರಮಾಣಪತ್ರದಲ್ಲಿ ಊರಿನ ಪದ್ಧತಿಯಂತೆ ಇನಿಶಿಯಲ್, ಶಾಲೆಯಲ್ಲಿ ಮುಂಬಯಿಯ ಪದ್ಧತಿಯಂತೆ ನಡುವೆ ತಂದೆಯ ಹೆಸರು, ಆಧಾರ್‌ನಲ್ಲಿ "ಆಚಾರ್", ಅಂಕಪಟ್ಟಿಯಲ್ಲಿ "ಆಚಾರ್ಯ". ಪ್ರವೇಶದ ದಿನ ಇದನ್ನು ಸರಿಪಡಿಸಲಾಗದು. ಹನ್ನೊಂದನೆಯ ತರಗತಿಯಲ್ಲಿ ಸರಿಪಡಿಸಬಹುದು. ಡೊಮಿಸೈಲ್‌ಗಾಗಿ ಮಹಾರಾಷ್ಟ್ರದಲ್ಲಿ ಹದಿನೈದು ವರ್ಷ ವಾಸವಿದ್ದುದಕ್ಕೆ ದಾಖಲೆ ಬೇಕು. ತಹಶೀಲದಾರರ ಆದಾಯ ಪ್ರಮಾಣಪತ್ರ, ಅನ್ವಯಿಸುವವರಿಗೆ ಇಡಬ್ಲ್ಯುಎಸ್ ಪ್ರಮಾಣಪತ್ರ, ಇವೆಲ್ಲವನ್ನೂ ಒಂದು ಕಡತದಲ್ಲಿ ಕೂಡಿಡಿರಿ.

ಇನ್ನು ಪರೀಕ್ಷೆಗಳ ಕಾಲ. ಜೆಇಇ ಮೇನ್‌ನ ಮೊದಲ ಸುತ್ತು ಜನವರಿಯ ಕೊನೆಯಲ್ಲಿ, ಎರಡನೆಯದು ಏಪ್ರಿಲಿನಲ್ಲಿ. ಬೋರ್ಡ್ ಪರೀಕ್ಷೆ ಫೆಬ್ರವರಿ-ಮಾರ್ಚಿನಲ್ಲಿ. ರಾಜ್ಯದ ಸಿಇಟಿ ಏಪ್ರಿಲ್-ಮೇ ತಿಂಗಳುಗಳಲ್ಲಿ, ನೀಟ್ ಮೇ ಆರಂಭದಲ್ಲಿ. ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ಪರ್ಯಾಯ ಬರುತ್ತದೆ. ಮಧ್ವನವಮಿ ಮಾಘಮಾಸದಲ್ಲಿ, ರಾಮನವಮಿ ಚೈತ್ರದಲ್ಲಿ. ಊರಿನ ಪ್ರಯಾಣ, ಉಪನಯನ, ಮದುವೆಗಳ ದಿನಗಳನ್ನು ನಿಶ್ಚಯಿಸುವಾಗ ಮನೆಯ ವಿದ್ಯಾರ್ಥಿಯ ಪಂಚಾಂಗವನ್ನೂ ಒಮ್ಮೆ ನೋಡಿರಿ. ಪರೀಕ್ಷೆಯ ಮಗುವನ್ನು ಮನೆಯಲ್ಲಿ ಬಿಟ್ಟು ಎಲ್ಲರೂ ಸಮಾರಂಭಕ್ಕೆ ಹೋಗುವುದೂ ಸರಿಯಲ್ಲ, ಓದು ಬಿಡಿಸಿ ಕರೆದೊಯ್ಯುವುದೂ ಸರಿಯಲ್ಲ.

ಕೇವಲ ಪ್ರವೇಶ ಪರೀಕ್ಷೆಯೇ ಮುಖ್ಯ, ಬೋರ್ಡ್ ಪರೀಕ್ಷೆ ಹೆಸರಿಗೆ ಮಾತ್ರ ಎನ್ನುವುದೂ ತಪ್ಪು ತಿಳುವಳಿಕೆ. ಐಐಟಿ, ಎನ್‌ಐಟಿಗಳಿಗೆ ಹನ್ನೆರಡರಲ್ಲಿ ಸಾಮಾನ್ಯ ವರ್ಗದವರಿಗೆ ಶೇಕಡಾ 75 ಅಂಕ ಅಥವಾ ಮಂಡಳಿಯ ಮೊದಲ 20 ಪರ್ಸೆಂಟೈಲ್‌ನಲ್ಲಿ ಸ್ಥಾನ ಅಗತ್ಯ. ಕೊನೆಗೆ ಕಾಲೇಜುಗಳ ಆದ್ಯತಾಪಟ್ಟಿಯನ್ನು ತುಂಬುವಾಗಲೂ ಎಚ್ಚರ ಬೇಕು. ಕೇಂದ್ರೀಕೃತ ಪ್ರವೇಶದಲ್ಲಿ ಮೊದಲ ಆದ್ಯತೆಯ ಸೀಟು ದೊರೆತರೆ ಅದನ್ನೇ ಸ್ವೀಕರಿಸಬೇಕಾಗುತ್ತದೆ. ನಿಜವಾಗಿ ಬೇಕಾದದ್ದನ್ನೇ ಮೊದಲು ಬರೆಯಿರಿ; ಲೋಕಲ್ ರೈಲಿನಲ್ಲಿ ದಿನವೂ ಎಷ್ಟು ಹೊತ್ತು ಪ್ರಯಾಣ ಎಂಬುದನ್ನೂ ಲೆಕ್ಕ ಹಾಕಿರಿ.

ಖರ್ಚಿನ ಮಾತು

ಹಣದ ವಿಷಯವನ್ನು ಮಕ್ಕಳೆದುರು ಮಾತನಾಡಲು ಸಂಕೋಚಪಡುವವರಿದ್ದಾರೆ. ಹದಿನಾರು ವರ್ಷದ ಮಗುವಿಗೆ ಮನೆಯ ಸ್ಥಿತಿ ತಿಳಿದಿರುವುದು ಒಳ್ಳೆಯದು. ಮಹಾರಾಷ್ಟ್ರದ ರಾಜರ್ಷಿ ಛತ್ರಪತಿ ಶಾಹು ಮಹಾರಾಜ ಶಿಕ್ಷಣ ಶುಲ್ಕ ಯೋಜನೆಯಲ್ಲಿ, ವಾರ್ಷಿಕ ಆದಾಯ 8 ಲಕ್ಷ ರೂಪಾಯಿಗಳೊಳಗಿರುವ ಸಾಮಾನ್ಯ ವರ್ಗದ ಕುಟುಂಬಗಳ ಮಕ್ಕಳಿಗೆ ವೃತ್ತಿಪರ ಕೋರ್ಸುಗಳಲ್ಲಿ ಅರ್ಧ ಬೋಧನಾ ಶುಲ್ಕ ದೊರೆಯುತ್ತದೆ. 2024-25ರಿಂದ ಹೆಣ್ಣುಮಕ್ಕಳಿಗೆ ಪೂರ್ಣ ಶುಲ್ಕ. ಆರ್ಥಿಕವಾಗಿ ಹಿಂದುಳಿದವರಿಗೆ 2019ರ ಸಂವಿಧಾನ ತಿದ್ದುಪಡಿಯಿಂದ ಶೇಕಡಾ 10ರ ಮೀಸಲಾತಿಯೂ ಇದೆ. ಅಡುಗೆ, ಪೌರೋಹಿತ್ಯ, ಸಣ್ಣ ನೌಕರಿ ಮಾಡಿ ಬದುಕುವ ನಮ್ಮ ಎಷ್ಟೋ ಬಂಧುಗಳು ಇದಕ್ಕೆ ಅರ್ಹರಿದ್ದೂ ಅರ್ಜಿಯನ್ನೇ ಹಾಕುವುದಿಲ್ಲ. ಅರ್ಹವಾದದ್ದನ್ನು ಕೇಳುವುದರಲ್ಲಿ ಅಗೌರವವೇನೂ ಇಲ್ಲ. ಕೋಚಿಂಗ್ ಕ್ಲಾಸಿಗೆ ಲಕ್ಷಗಟ್ಟಲೆ ಸಾಲ ಮಾಡುವ ಮೊದಲು, ಪಠ್ಯಪುಸ್ತಕವನ್ನು ಮಗು ಪೂರ್ತಿ ಓದಿದೆಯೇ ಎಂದು ಕೇಳಿರಿ.

ಕೊನೆಯದಾಗಿ

ಪಾಲಕರಲ್ಲಿ ನನ್ನ ವಿನಂತಿ ಇಷ್ಟೇ. ಫಲಿತಾಂಶದ ದಿನ ಮಗುವಿನ ಮುಖವನ್ನು ಮೊದಲು ನೋಡಿರಿ, ಅಂಕಗಳನ್ನು ಆಮೇಲೆ ನೋಡಿರಿ. ನಮ್ಮ ದೇಶದಲ್ಲಿ ಪರೀಕ್ಷೆಯ ಭಯದಿಂದ ಪ್ರಾಣ ಕಳೆದುಕೊಳ್ಳುವ ಮಕ್ಕಳ ಸುದ್ದಿ ಪ್ರತಿವರ್ಷ ಬರುತ್ತದೆ. ಯಾವ ಕಾಲೇಜಿನ ಸೀಟೂ ಒಂದು ಜೀವಕ್ಕೆ ಸಮವಲ್ಲ. ನಿದ್ದೆ, ಊಟ, ಮಾತು ಕಡಿಮೆಯಾದ ಮಗುವನ್ನು ಗದರಿಸಬೇಡಿರಿ. ಕೇಂದ್ರ ಸರಕಾರದ ಟೆಲಿಮಾನಸ್ ಸೇವೆ 2022ರಿಂದ ಇದೆ. 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಸಲಹೆ ಪಡೆಯಬಹುದು.

ಮಕ್ಕಳೆ, ನಿಮಗೆ ಒಂದು ಮಾತು. ನಿಮಗೆ ಏನು ಬೇಕೆಂಬುದು ಇನ್ನೂ ಸ್ಪಷ್ಟವಾಗಿಲ್ಲದಿದ್ದರೆ ಅಂಜಬೇಡಿ. ಆದರೆ ಅಪ್ಪ-ಅಮ್ಮನಿಂದ ಅದನ್ನು ಮುಚ್ಚಿಡಲೂಬೇಡಿ. ಶಾಖೆ ಹಿಡಿಸದಿದ್ದರೆ ಹನ್ನೊಂದರಲ್ಲಿಯೇ ಹೇಳಿ, ಹನ್ನೆರಡರ ಪರೀಕ್ಷೆಯ ಹಿಂದಿನ ದಿನವಲ್ಲ. ನಿತ್ಯವೂ ಸ್ವಲ್ಪ ಓದು, ಸಾಕಷ್ಟು ನಿದ್ದೆ, ಸಂಜೆ ದೇವರೆದುರು ಎರಡು ನಿಮಿಷದ ಮೌನ, ಇಷ್ಟನ್ನು ತಪ್ಪಿಸಬೇಡಿ.

ಮಠದ ವ್ಯವಸ್ಥಾಪಕರಲ್ಲಿ ಒಂದು ಸಲಹೆಯಿದೆ. ಈ ಸಭಾಂಗಣದಲ್ಲಿಯೇ ವೈದ್ಯರು, ಎಂಜಿನಿಯರರು, ಲೆಕ್ಕಪರಿಶೋಧಕರು, ವಕೀಲರು, ಅಧ್ಯಾಪಕರು ಕುಳಿತಿದ್ದಾರೆ. ತಿಂಗಳಿಗೊಂದು ಭಾನುವಾರ, ಪೂಜೆಯ ನಂತರ ಒಂದು ಗಂಟೆ, ಅವರು ಮಕ್ಕಳ ಪ್ರಶ್ನೆಗಳಿಗೆ ಉತ್ತರಿಸಲಿ. ಹನ್ನೆರಡನ್ನು ಮುಗಿಸಿದವರು ತಮ್ಮ ಪುಸ್ತಕಗಳನ್ನು ಇಲ್ಲಿ ತಂದಿಡಲಿ. ಕನ್ನಡ ಅಕ್ಷರಾಭ್ಯಾಸದ ತರಗತಿಯೊಂದು ನಡೆಯಲಿ. ಹಿಂದೆ ರಾತ್ರಿಶಾಲೆಗಳು ಮಾಡಿದ ಕೆಲಸವನ್ನು ಇಂದು ಇನ್ನೊಂದು ರೂಪದಲ್ಲಿ ನಾವು ಮಾಡಬೇಕಾಗಿದೆ. ಅಂದು ಹಿರಿಯರು ಒಬ್ಬರಿಗೊಬ್ಬರು ಕೈಕೊಟ್ಟು ಮೇಲೆ ಬಂದರು. ಆ ಋಣವನ್ನು ತೀರಿಸುವ ದಾರಿ ಇದೇ.

 ನಮ್ಮ ಮಕ್ಕಳೆಲ್ಲರಿಗೂ ಸದ್ವಿದ್ಯೆ, ಸದ್ಬುದ್ಧಿ ದೊರೆಯಲಿ ಎಂದು ಪ್ರಾರ್ಥಿಸಿ ವಿರಮಿಸುತ್ತೇನೆ.

|| ಶ್ರೀಕೃಷ್ಣಾರ್ಪಣಮಸ್ತು ||