ಗೊಂಬೆ ಮನೆಗೆ ಮೇಸ್ತ್ರಿ ಯಾರು?

ಇವತ್ತಿನ ಸಂಚಿಕೆಯಲ್ಲಿ ಒಂದು ಮನೆ ಕಟ್ಟಿದ ಕಥೆ ಹೇಳ್ತೀನಿ. ಇದಕ್ಕೆ ಸೈಟು ಬೇಡ, ಬ್ಯಾಂಕ್ ಸಾಲ ಬೇಡ. ಮೈಸೂರಿನ ನಮ್ಮ ಮನೆಯ ಊಟದ ಮೇಜಿನ ಮೇಲೇ ಕಟ್ಟಿದ್ದು. ಆದ್ರೂ 'ಮನೆ ಕಟ್ಟಿ ನೋಡು' ಅನ್ನೋ ಗಾದೆ ಮಾತ್ರ ಸುಳ್ಳಾಗಲಿಲ್ಲ.

ನನ್ನ ಮಗಳಿಗೆ ಎಂಟು ವರ್ಷ. ದಸರಾಕ್ಕೆ ಗೊಂಬೆ ಕೂರಿಸುವಾಗ ಪಟ್ಟದ ಗೊಂಬೆಗಳ ಪಕ್ಕದಲ್ಲಿ ತನ್ನದೊಂದು ಮನೆ ಇಡಬೇಕು ಅಂತ ಆಸೆ ಅವಳಿಗೆ. ಮರದ ಗೊಂಬೆ ಮನೆಯ ಕಿಟ್ ಒಂದನ್ನು ತರಿಸಿದ್ವಿ. ಡಬ್ಬದ ಮೇಲೆ ಎರಡು ಮಹಡಿಯ ಚಂದದ ಬಂಗಲೆ. ಬಿಚ್ಚಿದ್ರೆ ಒಳಗೆ ಬರೀ ಪ್ಲೈವುಡ್ ಹಾಳೆಗಳು! ಗೋಡೆ, ಕಿಟಕಿ, ಮೆಟ್ಟಿಲು ಎಲ್ಲವನ್ನೂ ಆ ಹಾಳೆಯಲ್ಲೇ ಕತ್ತರಿಸಿಟ್ಟಿರ್ತಾರೆ. ನಾವು ಬಿಡಿಸಿ, ಉಜ್ಜಿ, ಒಂದರ ಹಲ್ಲನ್ನು ಇನ್ನೊಂದರ ಕಿಂಡಿಗೆ ಸೇರಿಸಿ ಅಂಟಿಸಬೇಕು.

ಅಳತೆ 1:12. ಅಂದ್ರೆ ನಿಜವಾದ ಮನೆಯ ಒಂದು ಅಡಿ ಇಲ್ಲಿ ಒಂದು ಇಂಚು. ಏಳು ಅಡಿ ಬಾಗಿಲು ಏಳು ಇಂಚಾಗುತ್ತೆ. ಗೊಂಬೆ ಮನೆಗಳಲ್ಲಿ ತುಂಬಾ ಬಳಕೆಯಲ್ಲಿರೋ ಅಳತೆ ಇದು.

ಮೊದಲ ಭಾನುವಾರ ಇಬ್ಬರಿಗೂ ಹಬ್ಬ. ಅವಳು ಸ್ಯಾಂಡ್ ಪೇಪರ್ ಹಿಡಿದು ಉಜ್ಜಿದಳು, ನಾನು ಬಣ್ಣ ಬಳಿದೆ. ಉತ್ಸಾಹದಲ್ಲಿ ಹಲ್ಲಿಗೂ ಬಳಿದುಬಿಟ್ಟೆ. ಒಣಗಿದ ಮೇಲೆ ನೋಡಿದ್ರೆ ಹಲ್ಲು ಕಿಂಡಿಗೆ ಹೋಗಲೇ ಇಲ್ಲ! ಬಣ್ಣದ ದಪ್ಪ ಅಷ್ಟು ಸಾಕು. ಒತ್ತಿ ತೂರಿಸಿದ್ರೂ ಅಂಟು ನಿಲ್ಲಲಿಲ್ಲ. ಅದು ಬಣ್ಣಕ್ಕೆ ಹಿಡಿಯುತ್ತೆ, ಮರಕ್ಕಲ್ಲ. ಸಾಲದ್ದಕ್ಕೆ ಗೋಡೆಯ ಒಂದೇ ಕಡೆ ಬಳಿದಿದ್ದೆ. ಮಳೆಗಾಲ ಬೇರೆ. ಬೆಳಿಗ್ಗೆ ಎದ್ದು ನೋಡಿದ್ರೆ ಗೋಡೆ ಹಪ್ಪಳದ ಥರ ಬಾಗಿತ್ತು.

ನಮ್ಮನೆಗೆ ಬರೋ ಮರಗೆಲಸದ ಆಚಾರ್ರನ್ನ ಕೇಳಿದೆ. 'ಸ್ವಾಮಿ, ಮರಕ್ಕೆ ಎರಡೂ ಕಡೆ ಒಂದೇ ಸಮ ನೀರು ಕುಡಿಸ್ಬೇಕು' ಅಂದ್ರು. ಇನ್ನೊಂದು ಕಡೆಗೂ ಬಣ್ಣ ಬಳಿದು, ಒಣಗಿದ ಮೇಲೆ ದಪ್ಪ ಪುಸ್ತಕಗಳ ಕೆಳಗೆ ಎರಡು ದಿನ ಇಟ್ಟೆ. ನೆಟ್ಟಗಾಯ್ತು. ಅಂಟು ಹಾಕೋ ಮೊದಲು ಇಡೀ ಮನೆಯನ್ನು ಬರೀ ಮಾಸ್ಕಿಂಗ್ ಟೇಪಿನಲ್ಲಿ ನಿಲ್ಲಿಸಿ ನೋಡೋದು, ಮೂಲೆಮಟ್ಟ ಇಟ್ಟು ಗೋಡೆ ನೇರ ಮಾಡೋದು, ಅಂಟು ಹಾಕಿದ ಮೇಲೆ ಒಂದು ಇಡೀ ದಿನ ಮುಟ್ಟದೇ ಇರೋದು, ಇವೆಲ್ಲ ಆಮೇಲೆ ಕಲಿತ ಬುದ್ಧಿ.

ಆದರೆ ನಾನು ಮಾಡಿದ ದೊಡ್ಡ ತಪ್ಪು ಇದ್ಯಾವುದೂ ಅಲ್ಲ.

ಗೋಡೆ ನಿಲ್ಲಿಸಿಬಿಟ್ಟರೆ ಒಳಗೆ ಕೈ ಆಡೋದು ಕಷ್ಟ. ಅದಕ್ಕೇ ಗೋಡೆ ಕಾಗದವನ್ನು ಮೊದಲೇ ಅಂಟಿಸ್ತಾರೆ. ಮಲಗೋ ಕೋಣೆಯದ್ದನ್ನು ಮಗಳು ಅಂಟಿಸಿದಳು. ಹೂವಿನ ಸಾಲು ಸೊಟ್ಟಗಿತ್ತು, ನಡುವೆ ಎರಡು ಗುಳ್ಳೆ. ಅವಳು ಮಲಗಿದ ಮೇಲೆ ನಾನು ಅದನ್ನು ಕಿತ್ತು, ಸ್ಕೇಲ್ ಇಟ್ಟು ಹೊಸದಾಗಿ ಅಂಟಿಸಿದೆ. ಸಹಾಯ ಮಾಡ್ತಿದ್ದೀನಿ ಅಂತಲೇ ಅಂದುಕೊಂಡಿದ್ದೆ ನೋಡಿ.

ಬೆಳಿಗ್ಗೆ ನೋಡಿದಳು. 'ಅಪ್ಪಾ, ಇದು ನಾನು ಅಂಟಿಸಿದ್ದಲ್ಲ ಅಲ್ವಾ?' ನಾನು ಏನೋ ಸಮಜಾಯಿಷಿ ಕೊಟ್ಟೆ. 'ಹಾಗಾದ್ರೆ ಇದು ನಿನ್ನ ಮನೆ, ನೀನೇ ಆಡ್ಕೋ' ಅಂದು ಎದ್ದು ಹೋದಳು. ನಾಲ್ಕು ದಿನ ಆ ಮೇಜಿನ ಹತ್ರ ಸುಳಿಯಲಿಲ್ಲ.

ಇಂಗ್ಲೆಂಡಿನ ವಿಂಡ್ಸರ್ ಅರಮನೆಯಲ್ಲಿ ರಾಣಿ ಮೇರಿಯ ಗೊಂಬೆ ಮನೆ ಇದೆ. 1921ರಿಂದ 1924ರ ನಡುವೆ ಕಟ್ಟಿದ್ದು. ನವದೆಹಲಿಯ ರಾಷ್ಟ್ರಪತಿ ಭವನದ ವಿನ್ಯಾಸ ಮಾಡಿದ ಎಡ್ವಿನ್ ಲುಟ್ಯೆನ್ಸ್ ಅವರೇ ಅದಕ್ಕೂ ವಿನ್ಯಾಸಕಾರ. ಅದೂ 1:12 ಅಳತೆಯದ್ದೇ. ವಿದ್ಯುತ್ ದೀಪ, ನಲ್ಲಿ ನೀರು, ಲಿಫ್ಟ್ ಎಲ್ಲ ಉಂಟು. ಅದ್ಭುತ, ಸರಿ. ಆದರೆ ಅದು ಮಕ್ಕಳು ಆಡೋಕೆ ಮಾಡಿದ್ದಲ್ಲ, ನೋಡೋಕೆ ಮಾಡಿದ್ದು. ನಾನೂ ಊಟದ ಮೇಜಿನ ಮೇಲೆ ಅಂಥದ್ದನ್ನೇ ಕಟ್ಟೋಕೆ ಹೊರಟಿದ್ದೆ.

ಐದನೇ ದಿನ ಅವಳ ಮುಂದೆ ಕೂತು, 'ತಪ್ಪಾಯ್ತು ಮಗಳೇ. ಇನ್ನು ಮೇಸ್ತ್ರಿ ನೀನು, ನಾನು ಕೂಲಿ' ಅಂದೆ. ತಕ್ಷಣ ಒಪ್ಪಲಿಲ್ಲ. ಸಂಜೆ ಬಂದು ಮೊದಲು ಮಾಡಿದ ಕೆಲಸ, ನಾನು ಅಂಟಿಸಿದ ಕಾಗದವನ್ನು ಕಿತ್ತು ಹಾಕಿದ್ದು! ಎದೆ ಚುರ್ ಅಂತು. ಸುಮ್ಮನೆ ಅಂಟಿನ ಡಬ್ಬ ಹಿಡಿದು ನಿಂತೆ.

ದಸರಾಕ್ಕೆ ಆ ಮನೆ ಗೊಂಬೆಗಳ ಜೊತೆ ಕೂತಿತ್ತು. ಚಾವಣಿ ಸ್ವಲ್ಪ ವಾರೆ, ಹೂವಿನ ಸಾಲು ಮತ್ತೆ ಸೊಟ್ಟ. ಬೊಂಬೆ ಬಾಗಿನಕ್ಕೆ ಬಂದ ಮಕ್ಕಳಿಗೆ, 'ಇದನ್ನ ನಾನೇ ಕಟ್ಟಿದ್ದು, ನಮ್ಮಪ್ಪ ಹೆಲ್ಪ್ ಮಾಡಿದ್ರು' ಅಂತ ಹೇಳ್ತಿದ್ದಳು.

ಮಕ್ಕಳ ಜೊತೆ ಕಿಟ್ ತೆಗೆದುಕೊಂಡು ಕೂರೋ ಅಪ್ಪ ಅಮ್ಮಂದಿರಿಗೆ ಇಷ್ಟೇ ಮಾತು. ಹಲ್ಲಿಗೆ ಬಣ್ಣ ಬಳಿಯಬೇಡಿ. ಗೋಡೆಗೆ ಎರಡೂ ಕಡೆ ಬಳಿಯಿರಿ. ಮಗು ಮಲಗಿದ ಮೇಲೆ ನೀವೂ ಮಲಗಿ.